ಮೈ ಬಗ್ಗಿಸಿದ ಅಕ್ಷರಗಳು

ನಾವು ನೆದರ್ಲೆಂಡ್ಸಿನ ಐಂಡ್‌ಹೋವನ್ನಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ಕೊರೊನಾ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ನನ್ನ ಗಂಡ ಎಂಜಿನಿಯರ್. ಆಫೀಸು ಮುಚ್ಚಿದ ಮಾರನೇ ದಿನವೇ ಎರಡು ಮಾನಿಟರ್ ಹೊತ್ತು ತಂದು ಊಟದ ಟೇಬಲ್ಲಿನ ಮೇಲೆ ಇಟ್ಟರು. ಅಂದಿನಿಂದ ನಾವು ತಟ್ಟೆ ಹಿಡಿದು ಸೋಫಾದ ಮೇಲೆ ಕೂತು ಉಣ್ಣಬೇಕಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗುವ ಮೀಟಿಂಗುಗಳು ಸಂಜೆಯ ತನಕ ನಿಲ್ಲುತ್ತಿರಲಿಲ್ಲ. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ನಾನು ಅವರ ಕಡೆ ನೋಡಿ ಕೈಸನ್ನೆ ಮಾಡಬೇಕಿತ್ತು, ಅವರು ಮೈಕು ಬಂದ್ ಮಾಡುತ್ತಿದ್ದರು.

ಧಾರವಾಡದಲ್ಲಿ ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಡ್ರಾಯಿಂಗ್ ಪಿರಿಯಡ್ ಅಂದರೆ ಗಣಿತದವರು ಪೋರ್ಷನ್ ಮುಗಿಸಲು ಕೇಳಿ ತೆಗೆದುಕೊಳ್ಳುವ ಪಿರಿಯಡ್. ಆದರೂ ನನ್ನ ಕೋಣೆಗೆ ಬಂದ ಹುಡುಗಿಯರು ಪೆನ್ಸಿಲ್ ಹಿಡಿದು ತಲೆ ತಗ್ಗಿಸಿದರೆ ಗಂಟೆ ಹೊಡೆದದ್ದು ಗೊತ್ತಾಗುತ್ತಿರಲಿಲ್ಲ. ಅದನ್ನು ಬಿಟ್ಟು ಬಂದಿದ್ದೆ. ಇಲ್ಲಿ ಡಚ್ ಭಾಷೆಯ ತರಗತಿಗೆ ಸೇರಿದ್ದೆ, ಅದೂ ನಿಂತಿತು.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ವಯಸ್ಸಾದ ಡಚ್ ಹೆಂಗಸು ಒಬ್ಬರೇ ಇದ್ದರು. ಎಲ್ಲರೂ ಅವರನ್ನು ಮೇವ್ರೌ ಎನ್ನುತ್ತಿದ್ದರು. ಅದು ಹೆಸರಲ್ಲ, ನಮ್ಮಲ್ಲಿ ಅಮ್ಮಾವರು ಎಂದಂತೆ ಅಂತ ನನಗೆ ಗೊತ್ತಾಗುವಷ್ಟರಲ್ಲಿ ನಮ್ಮ ಮನೆಯೊಳಗೆ ಅವರು ಮೇವ್ರವ್ವ ಆಗಿಬಿಟ್ಟಿದ್ದರು. ಬಸವ್ವ, ನೀಲವ್ವ, ಮೇವ್ರವ್ವ. ಸರಿಯಾಗಿಯೇ ಕೂತಿತು.

ಅವರಿಗೆ ಅಂಗಡಿಗೆ ಹೋಗಲು ಹೆದರಿಕೆಯಿತ್ತು. ನಾನು ವಾರಕ್ಕೊಮ್ಮೆ ಅವರ ಸಾಮಾನು ತಂದು ಬಾಗಿಲ ಮುಂದೆ ಇಟ್ಟು, ಗಂಟೆ ಒತ್ತಿ, ನಾಲ್ಕು ಮೆಟ್ಟಿಲು ಹಿಂದೆ ಸರಿದು ನಿಲ್ಲುತ್ತಿದ್ದೆ. ಅವರು ಬಾಗಿಲು ತೆರೆದು ಅಲ್ಲೇ ನಿಂತು ಮಾತಾಡುವರು. ಸಂಜೆ ಶಾಲೆಯೊಂದರಲ್ಲಿ ಬಹಳ ವರ್ಷ ಅಚ್ಚಿನ ಕಲೆ ಕಲಿಸಿದವರು. ಮರ, ಲೋಹ, ಕಲ್ಲು ಯಾವುದರ ಮೇಲೆ ಕೊರೆದರೂ ಕಾಗದಕ್ಕೆ ಇಳಿಸುವುದು ಹೇಗೆಂದು ಬಲ್ಲವರು. ನಾನೂ ಡ್ರಾಯಿಂಗ್ ಟೀಚರ್ ಅಂದ ದಿನ ಅವರ ಮುಖ ಅರಳಿತು. ಮುಂದಿನ ವಾರ ಖಾಲಿ ಚೀಲದ ಜೊತೆ ಒಂದು ದಪ್ಪ ಪುಸ್ತಕ ಮೆಟ್ಟಿಲ ಮೇಲೆ ಕಾದಿತ್ತು.

"ಹಳೆಯ ಜರ್ಮನ್ ಅಚ್ಚುಗಳು," ಎಂದರು ಇಂಗ್ಲಿಷಿನಲ್ಲಿ. "ಓದಬೇಡ. ನೋಡು."

ಓದಲು ಬರುವಂತೆಯೂ ಇರಲಿಲ್ಲ, ಪೂರ್ತಿ ಜರ್ಮನ್. ಅಡಿಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಹರವಿಕೊಂಡು ಹಾಳೆ ತಿರುವುತ್ತ ಹೋದೆ. ಸಂತರು, ದೇವದೂತರು, ಇಸ್ಪೀಟು ಎಲೆಗಳು. ನಡುವೆ ಕೆಲವು ಪುಟಗಳ ತಲೆಬುಡ ಮಾತ್ರ ತಿಳಿಯಲಿಲ್ಲ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಂತಿದ್ದಾನೆ. ಕವಚ ತೊಟ್ಟ ಸವಾರನ ಕಾಲನ್ನು ನಾಯಿ ಕಚ್ಚಿ ಎಳೆಯುತ್ತಿದೆ. ಸನ್ಯಾಸಿಗಳು ಒಬ್ಬರ ಕೂದಲು ಇನ್ನೊಬ್ಬರು ಹಿಡಿದು ಜಗಳವಾಡುತ್ತಿದ್ದಾರೆ, ಮೇಲೊಂದು ಹಕ್ಕಿ ಕೊಕ್ಕು ತೆರೆದು ಕೂತಿದೆ. ನೆಲವಿಲ್ಲ, ಆಕಾಶವಿಲ್ಲ, ಬಿಳೀ ಕಾಗದದಲ್ಲಿ ತೇಲುವ ಗುಂಪು. ಇವರೆಲ್ಲ ಯಾಕೆ ಹೀಗೆ ಒಬ್ಬರಿಗೊಬ್ಬರು ಅಂಟಿಕೊಂಡಿದ್ದಾರೆ?

ತಿಳಿಯದ ಚಿತ್ರವನ್ನು ತಿಳಿಯಲು ನನಗೆ ಗೊತ್ತಿದ್ದ ದಾರಿ ಒಂದೇ, ನಕಲು ಮಾಡುವುದು. ಮೂರು ಜನ ಸಾಲಾಗಿ ನಿಂತ ಒಂದು ಪುಟವನ್ನು ಆರಿಸಿಕೊಂಡು ದೊಡ್ಡ ಹಾಳೆಯ ಮೇಲೆ ಬರೆಯತೊಡಗಿದೆ. ಎಷ್ಟು ದಿನವೋ ಅದರಲ್ಲೇ ಹೋದವು. ಮುಗಿದ ಮೇಲೆ ಫ್ರಿಜ್ಜಿಗೆ ಅಂಟಿಸಿ, ಚಹಾದ ಲೋಟ ಹಿಡಿದು ಕಿಟಕಿಯ ತನಕ ಹಿಂದೆ ಸರಿದೆ. ಹುಡುಗಿಯರಿಗೆ ಯಾವಾಗಲೂ ಹೇಳುತ್ತಿದ್ದ ಮಾತು ನನಗೇ ಹೇಳಿಕೊಂಡೆ: ಕಣ್ಣು ಸಣ್ಣ ಮಾಡಿ ನೋಡಬೇಕು, ಕಣ್ಣು ಮೂಗು ಬಟ್ಟೆ ಎಲ್ಲಾ ಅಳಿಸಿಹೋಗಿ ಆಕಾರವಷ್ಟೇ ಉಳಿಯಬೇಕು.

ಕಣ್ಣು ಸಣ್ಣ ಮಾಡಿದೆ. ಮೂರು ಮಂದಿ ಮೂರು ಕಪ್ಪು ಗೆರೆಗಳಾದರು. ಒಬ್ಬನ ಬಾಗಿದ ತಲೆ ಇನ್ನೊಬ್ಬನ ಹೆಗಲಿಗೆ ತಾಗಿದ ಕಡೆ ಗೆರೆಗಳು ಒಂದಕ್ಕೊಂದು ಕೂಡಿಕೊಂಡವು. ಇಲ್ಲಿಯ ಹಳೆ ಬ್ರೆಡ್ ಅಂಗಡಿಗಳ ಬೋರ್ಡಿನ ಮೇಲೆ ಕಾಣುವ ಆ ಮೂಲೆ ಮೂಲೆಯ ದಪ್ಪ ಲಿಪಿ. ಎಂ. ಇಂಗ್ಲಿಷಿನ ಎಂ!

ಪುಸ್ತಕಕ್ಕೆ ಓಡಿದೆ. ಸವಾರ ಮತ್ತು ನಾಯಿಯ ಪುಟ ತೆರೆದು ಕಣ್ಣು ಕಿರಿದು ಮಾಡಿದೆ. ಅದೂ ಒಂದು ಅಕ್ಷರ. ಸನ್ಯಾಸಿಗಳ ಜಗಳವೂ ಅಕ್ಷರ. ಇಡೀ ವರ್ಣಮಾಲೆ ನನ್ನ ಕಣ್ಣ ಮುಂದೆಯೇ ಇಷ್ಟು ದಿನ ಕೂತಿತ್ತು!

"ರೀ! ಅಕ್ಷರ ಅದಾವ್ರೀ ಇವು!" ಎಂದು ಕೂಗಿದೆ.

ಗಂಡ ಮೈಕಿಗೆ ಕೈ ಅಡ್ಡ ಹಿಡಿದು, "ಏ, ಮೀಟಿಂಗ್ ನಡದೈತಿ," ಎಂದರು. ಆಮೇಲೆ ಅವರೇ ನಕ್ಕರು. ಆ ಕೂಗು ಮೀಟಿಂಗಿನಲ್ಲಿದ್ದವರಿಗೆಲ್ಲ ಕೇಳಿಸಿತ್ತಂತೆ.

ಮೆಟ್ಟಿಲಿಳಿದು ಗಂಟೆ ಒತ್ತಿ ದೂರ ನಿಂತೆ. ಮೇವ್ರವ್ವ ಬಾಗಿಲು ತೆರೆಯುತ್ತಿದ್ದಂತೆಯೇ, "ಅವು ಅಕ್ಷರಗಳು!" ಎಂದೆ. ಅವರು ಬಾಗಿಲಿಗೆ ಒರಗಿ ಜೋರಾಗಿ ನಕ್ಕರು.

"ನಾನು ಹೇಳಿಬಿಟ್ಟಿದ್ದರೆ ನಿನಗೆ ಈ ಖುಷಿ ಸಿಗುತ್ತಿರಲಿಲ್ಲ," ಎಂದರು. "ಹದಿನೈದನೇ ಶತಮಾನದವನು. ತಾಮ್ರದ ತಗಡಿನ ಮೇಲೆ ಕೆತ್ತಿದ್ದಾನೆ. ಬಹುಶಃ ಅಕ್ಕಸಾಲಿಗ. ಹೆಸರು ಯಾರಿಗೂ ಗೊತ್ತಿಲ್ಲ."

"ಯಾಕೆ ಮಾಡಿದ?"

"ಯಾರಿಗೆ ಗೊತ್ತು? ಮಾಡಬಹುದು ಅಂತ ತೋರಿಸಲಿಕ್ಕೆ ಇರಬೇಕು."

ಜುಲೈ ಹೊತ್ತಿಗೆ ನಿಯಮಗಳು ಸ್ವಲ್ಪ ಸಡಿಲವಾದವು. ಆಮ್‌ಸ್ಟರ್‌ಡ್ಯಾಮಿನ ಒಂದು ಸಂಗ್ರಹಾಲಯದಲ್ಲಿ ಹಳೆಯ ಅಚ್ಚುಗಳನ್ನು ಕೇಳಿದವರಿಗೆ ತೆಗೆದು ತೋರಿಸುವ ಓದುಕೋಣೆ ಇದೆ ಎಂದು ಮೇವ್ರವ್ವ ಹೇಳಿದ್ದರು. ಮುಂಚೆಯೇ ಸಮಯ ಗೊತ್ತು ಮಾಡಿಕೊಂಡು, ಮಾಸ್ಕು ಹಾಕಿಕೊಂಡು, ನಾನೂ ನನ್ನ ಗಂಡನೂ ರೈಲು ಹತ್ತಿದೆವು. ಡಬ್ಬಿಯಲ್ಲಿ ಬೆರಳೆಣಿಕೆಯ ಜನ. ಗಂಡ ರಜೆ ಹಾಕಿದ್ದು ನನಗಾಗಿ. ಚಿತ್ರ ಅಂದರೆ ಅವರಿಗೆ ಅಷ್ಟಕ್ಕಷ್ಟೇ.

ಓದುಕೋಣೆಯ ಹುಡುಗಿ ಒಂದು ಚಪ್ಪಟೆ ಪೆಟ್ಟಿಗೆ ತಂದು ನಮ್ಮ ಮುಂದೆ ಇಟ್ಟು, ಮುಚ್ಚಳ ತೆಗೆದು ಹಿಂದೆ ಸರಿದಳು. ನಾನು ಬೆಚ್ಚಿದೆ. ಎಷ್ಟು ಸಣ್ಣದು! ಪುಸ್ತಕದ ಪುಟ ತುಂಬಿದ್ದ ಆ ಸೈನ್ಯವೆಲ್ಲ ನನ್ನ ಅಂಗೈಗಿಂತ ಕೊಂಚ ದೊಡ್ಡದಾದ ಕಾಗದದಲ್ಲಿತ್ತು. ಭೂತಗನ್ನಡಿ ಹಿಡಿದು ಬಗ್ಗಿದೆ. ಒಂದೊಂದು ಮಡಿಕೆಗೂ ಕೂದಲೆಳೆಯಷ್ಟು ಸಣ್ಣ ಗೀರುಗಳು. ಒಂದೇ ಒಂದು ಕಡೆಯೂ ಕೈ ನಡುಗಿಲ್ಲ. ಕೆಳಗಿನ ಮೂಲೆಯಲ್ಲಿ ಒಬ್ಬ ಮುದುಕ, ಅವನ ತಲೆಯ ಮೇಲೆ ಮೇಲಿನವನ ಕಾಲು ಬಿದ್ದಿದೆ, ಆದರೂ ಹಲ್ಲು ಕಿಸಿದು ನಗುತ್ತಿದ್ದಾನೆ. ಅಕ್ಷರಕ್ಕೆ ಆ ನಗು ಬೇಕಾಗಿಯೇ ಇರಲಿಲ್ಲ. ಕೆತ್ತಿದವನಿಗೆ ಬೇಕಿತ್ತು. ಸಂತೋಷಕ್ಕೆ ಮಾಡಿದ್ದಾನೆ ಅನ್ನಿಸಿತು.

ವಾಪಸು ಬರುವಾಗ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಹೇಳಿದೆ. "ನಾ ಕನ್ನಡದಾಗ ಮಾಡ್ತೀನ್ರೀ."

"ಏನ?"

"ಅಕ್ಷರ. ಅ ದಿಂದ ಳ ತನಕ."

"ಮಾಡು," ಎಂದರು ಅವರು. "ಆದ್ರ ಒಂದ ಮಾತು. ನನ್ನ ಟೇಬಲ್ ಕೇಳಬ್ಯಾಡ."

ಅಷ್ಟು ಸುಲಭವಾಗಿ ಹೇಳಿದ್ದು ಅಷ್ಟು ಸುಲಭವಾಗಿ ಆಗಲಿಲ್ಲ. ಜರ್ಮನ್ ಅಕ್ಷರ ಕಂಬಗಳ ಹಾಗೆ ನೆಟ್ಟಗೆ ನಿಲ್ಲುತ್ತದೆ. ಸೈನಿಕನನ್ನು ನಿಲ್ಲಿಸಿದರೆ ಅರ್ಧ ಅಕ್ಷರ ಮುಗಿದಂತೆ. ನಮ್ಮದು ಹಾಗಲ್ಲ. ನಾನು ಒಬ್ಬ ಪೇಟದವನನ್ನು ನಿಲ್ಲಿಸಿದೆ, ಅವನು ಯಾವ ಅಕ್ಷರವೂ ಆಗಲಿಲ್ಲ. ಇಬ್ಬರನ್ನು ನಿಲ್ಲಿಸಿದೆ, ಬಸ್ಸಿಗೆ ಕಾಯುವವರಾದರು. ಕೈಯನ್ನು ಬಳ್ಳಿಯ ಹಾಗೆ ತಿರುಚಿದರೆ ಮನುಷ್ಯನಿಗೆ ಏನೋ ರೋಗ ಬಡಿದ ಹಾಗೆ ಕಾಣುತ್ತಿತ್ತು. ಹರಿದ ಹಾಳೆಗಳಿಂದ ಕಾಗದದ ಬುಟ್ಟಿ ತುಂಬಿತು.

ಗಂಡ ಒಂದು ದಿನ ಇಣುಕಿ ನೋಡಿ, "ಹಾವು ಹಾಕಿಬಿಡು. ಹಾವಿನಾಗ ಎಲ್ಲಾ ಅಕ್ಷರಾನೂ ಆಗ್ತಾವ," ಎಂದರು.

"ಹಾವಿನ ವರ್ಣಮಾಲೆ ಯಾರಿಗೆ ಬೇಕ್ರೀ?" ಎಂದು ರೇಗಿದೆ. ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ನಮ್ಮ ಲಿಪಿಯ ಸುತ್ತು ಸುರುಳಿಗೆ ಮನುಷ್ಯರ ಮೂಳೆ ಒಗ್ಗುವುದಿಲ್ಲ ಅಂತ ನಾನೂ ನಂಬಿಬಿಟ್ಟೆ. ಪೆನ್ಸಿಲುಗಳನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟೆ. ಪುಸ್ತಕವನ್ನೂ ಮೇವ್ರವ್ವನಿಗೆ ವಾಪಸು ಕೊಟ್ಟೆ.

ಅಕ್ಟೋಬರಿನ ಕೊನೆಯಲ್ಲಿ ಒಂದು ಬೆಳಿಗ್ಗೆ ಬಹಳ ದಿನದ ಮೇಲೆ ಬಿಸಿಲು ಬಿದ್ದಿತ್ತು. ಬಟ್ಟೆ ಹರವಲು ಬಾಲ್ಕನಿಗೆ ಬಂದೆ. ಕೆಳಗೆ ತೋಟದಲ್ಲಿ ಮೇವ್ರವ್ವ ಟ್ಯುಲಿಪ್ ಗಡ್ಡೆ ನೆಡುತ್ತಿದ್ದರು. ಮಂಡಿ ಊರಲು ನೋವು, ಹಾಗಾಗಿ ನಿಂತಲ್ಲೇ ಸೊಂಟದಿಂದ ಬಗ್ಗಿ, ಎರಡೂ ಕೈ ಮಣ್ಣಿಗೆ ಊರಿದ್ದರು. ಬೆನ್ನು ಕಮಾನಿನ ಹಾಗೆ. ಕುತ್ತಿಗೆಯ ಶಾಲು ಗಾಳಿಗೆ ಎದ್ದು ಬೆನ್ನಿನ ಮೇಲೆ ಓರೆಯಾಗಿ ಹಾರುತ್ತಿತ್ತು.

ಒಂದು ಕಡೆ ಕಾಲು, ಒಂದು ಕಡೆ ಕೈ, ನಡುವೆ ಕಮಾನು, ಮೇಲೆ ಹಾರುವ ತಲೆಕಟ್ಟು.

"ಗ!" ಎಂದು ಕಿರುಚಿದೆ. ಕೈಯಲ್ಲಿದ್ದ ಒದ್ದೆ ಟವಲ್ಲು ಕೆಳಗೆ ಅವರ ಪಕ್ಕದಲ್ಲೇ ಬಿತ್ತು. ಅವರು ಗಾಬರಿಯಿಂದ ತಲೆ ಎತ್ತಿದರು.

"ಎದ್ದೇಳಬೇಡಿ! ದಯವಿಟ್ಟು ಹಾಗೇ ಇರಿ!" ಎಂದು ಕೂಗಿ ಕಾಗದಕ್ಕೆ ಓಡಿದೆ. ಪಾಪ, ಆ ಹೆಂಗಸು ಬಗ್ಗಿಯೇ ಇದ್ದರು. ನಾನು ಬಾಲ್ಕನಿಯ ಕಂಬಿಯ ಮೇಲೆ ಹಾಳೆ ಒತ್ತಿ ಬರೆದುಕೊಂಡೆ. "ಆಯ್ತಾ?" ಎಂದು ಕೆಳಗಿನಿಂದ ಕೇಳಿದರು. "ನನ್ನ ಸೊಂಟ ಹೋಯಿತು!"

ಅಂದು ತಿಳಿಯಿತು. ನಾನು ಜರ್ಮನಿಯವನ ಸೈನಿಕರನ್ನು ಸಾಲ ತಂದು ನನ್ನ ಅಕ್ಷರದಲ್ಲಿ ನಿಲ್ಲಿಸಲು ಹೋಗಿದ್ದೆ. ನನ್ನ ಅಕ್ಷರದವರು ನಿಲ್ಲುವವರಲ್ಲ, ಬಗ್ಗುವವರು. ಮನುಷ್ಯರು ಬಗ್ಗುವುದು ಯಾವಾಗ? ದುಡಿಯುವಾಗ, ಆಡುವಾಗ, ನಮಸ್ಕರಿಸುವಾಗ, ಮಗುವನ್ನು ಎತ್ತಿಕೊಳ್ಳುವಾಗ. ಅವರನ್ನೆಲ್ಲ ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಇಬ್ಬರು ಹೆಂಗಸರು ಎದುರುಬದುರು ಕೂತು ಬೀಸುಕಲ್ಲು ತಿರುಗಿಸುತ್ತಿದ್ದರೆ ಅದು ಅ. ಗರಡಿಯ ಹುಡುಗ ಹಿಂದಕ್ಕೆ ಬಾಗಿ ತನ್ನ ಹಿಮ್ಮಡಿ ತಾನೇ ಹಿಡಿದು ದುಂಡಗಾಗಿ, ಅವನ ಹೊಟ್ಟೆಯ ಮೇಲೊಂದು ಗಿಳಿ ಕೂತರೆ ಅದು ರ. ಕಸ ಗುಡಿಸುವವಳು, ರೊಟ್ಟಿ ಬಡಿಯುವವಳು, ಹಗ್ಗ ಹೊಸೆಯುವವನು, ಮೈ ನೆಕ್ಕಿಕೊಳ್ಳುವ ಎಮ್ಮೆ, ಕತ್ತು ತಿರುಗಿಸಿದ ನವಿಲು ಎಲ್ಲರೂ ಒಬ್ಬರ ಹಿಂದೊಬ್ಬರು ಬಂದರು. ರಾತ್ರಿ ಊಟಕ್ಕೆ ಅನ್ನ ಇಡುವುದನ್ನೇ ಮರೆತಿದ್ದೆ. ಗಂಡ ಎದ್ದು ಮ್ಯಾಗಿ ಮಾಡಿದರು.

ಬರೆದರೆ ಸಾಲದು, ಅಚ್ಚು ಹೊಡೆಯಬೇಕು ಎಂಬುದು ಮೇವ್ರವ್ವನ ಹಟ. ಅಂಗಡಿಗಳು ಮತ್ತೆ ಮುಚ್ಚಿದ್ದವು, ತಾಮ್ರದ ತಗಡು ಎಲ್ಲಿಂದ ತರುವುದು? ಅವರು ಒಂದು ಉಪಾಯ ಹೇಳಿಕೊಟ್ಟರು. ಬಹಳ ದಿನ ಕೆಡದ ಹಾಲಿನ ಪೊಟ್ಟಣವನ್ನು ಬಿಚ್ಚಿ ತೊಳೆದರೆ ಒಳಗಡೆ ಬೆಳ್ಳಿ ಬಣ್ಣದ ಪದರ. ಅದರ ಮೇಲೆ ದಪ್ಪ ಸೂಜಿಯಿಂದ ಗೀರಬೇಕು. ಮಸಿ ಬಳಿದು ಒರೆಸಿದರೆ ಗೀರುಗಳಲ್ಲಿ ಮಾತ್ರ ಮಸಿ ಉಳಿಯುತ್ತದೆ. ಒದ್ದೆ ಕಾಗದ ಮೇಲಿಟ್ಟು ಬಲವಾಗಿ ಒತ್ತಬೇಕು. ಒತ್ತಲಿಕ್ಕೆ ತಮ್ಮ ಹಳೇ ಪಾಸ್ತಾ ಯಂತ್ರವನ್ನೇ ಮೆಟ್ಟಿಲ ಮೇಲೆ ಇಟ್ಟರು, ಹಿಟ್ಟಿನ ಹಾಳೆ ತೆಳ್ಳಗೆ ಮಾಡುವ ಎರಡು ಉರುಳೆಗಳ ಯಂತ್ರ.

ಮೊದಲು ಕೊರೆದದ್ದು ಗ. ಯಂತ್ರದ ಹಿಡಿಕೆ ತಿರುಗಿಸಲು ಗಂಡನನ್ನೇ ಕರೆದೆ. ಕಾಗದ ಆಚೆ ಬಂತು. ಮೆಲ್ಲಗೆ ಎತ್ತಿದೆ. ಮೇವ್ರವ್ವನ ಬೆನ್ನು, ಶಾಲು, ಮಣ್ಣಿನಲ್ಲಿ ಊರಿದ ಕೈ ಎಲ್ಲವೂ ಮಖಮಲ್ಲಿನಂಥ ಕಪ್ಪು ಗೆರೆಯಲ್ಲಿ ಮೂಡಿದ್ದವು.

"ಚಂದ ಬಂದೈತಿ," ಎಂದರು ಗಂಡ. ಆಮೇಲೆ ತಲೆ ವಾರೆ ಮಾಡಿ, "ಆದ್ರ ತಲೆಕಟ್ಟು ಯಾಕ ಆ ಕಡೆ ಹೋಗೈತಿ?"

ಅಚ್ಚು ಅಂದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ರಬ್ಬರ್ ಸ್ಟ್ಯಾಂಪ್ ನೋಡಿದ ಮಗುವಿಗೂ ಗೊತ್ತು. ನಾನು ನೇರವಾಗಿ ಕೊರೆದಿದ್ದೆ, ಗ ಕನ್ನಡಿಯೊಳಗಿನ ಗ ಆಗಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮರುದಿನ ಚಿತ್ರವನ್ನು ಕಿಟಕಿಯ ಗಾಜಿಗೆ ತಿರುವಿ ಹಿಡಿದು, ಹಿಂಬದಿಯಿಂದ ಕಂಡಂತೆ ಕೊರೆದೆ. ಈ ಸಲ ಕಾಗದ ಎತ್ತಿದಾಗ ಗ ನನ್ನನ್ನು ನೇರವಾಗಿ ನೋಡಿತು. ಬಾಗಿಲ ಕೆಳಗೆ ತೂರಿಸಲೆಂದು ಒಂದು ಪ್ರತಿ ಕೆಳಗೆ ಒಯ್ದೆ. ಮೇವ್ರವ್ವ ತಾವೇ ಬಾಗಿಲು ತೆರೆದು ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. "ನಿಮ್ಮ ಭಾಷೆಯಲ್ಲಿ ನಾನು ಒಂದು ಅಕ್ಷರ," ಎಂದರು. ಕಣ್ಣು ಒರೆಸಿಕೊಂಡರು.

ಆ ಚಳಿಗಾಲ ಪೂರ್ತಿ ಅದೇ ಕೆಲಸ. ಸಂಜೆ ಹೊರಗೆ ಹೋಗುವಂತಿರಲಿಲ್ಲ, ಕರ್ಫ್ಯೂ. ನಾವು ಕುಡಿದಷ್ಟು ಹಾಲು ಇಡೀ ಬೀದಿ ಕುಡಿದಿರಲಿಕ್ಕಿಲ್ಲ. ದಿನಾ ಖೀರು, ದಿನಾ ಚಹಾ. ಗಂಡ ತಾವಾಗಿಯೇ ಒಂದು ಮಾನಿಟರ್ ತೆಗೆದು ಅರ್ಧ ಟೇಬಲ್ಲು ಬಿಟ್ಟುಕೊಟ್ಟರು. ಸೂಜಿ ಚುಚ್ಚಿ ಚುಚ್ಚಿ ಬೆರಳು ಗಟ್ಟಿಯಾಯಿತು. ಕ, ಚ, ಟ, ತ ಒಂದೊಂದೇ ದಾರದ ಮೇಲೆ ಕ್ಲಿಪ್ ಹಾಕಿ ಒಣಗಲು ತೂಗಿದವು.

ನಡುವೆ ಙ ಮತ್ತು ಞ ಬಂದು ಅಡ್ಡ ನಿಂತವು. ಶಾಲೆಯ ಗೋಡೆಗೆ ಹಾಕುವ ಅಕ್ಷರಮಾಲೆಯ ಪಟಗಳನ್ನು ನಾನು ಎಷ್ಟೋ ಬರೆದಿದ್ದೇನೆ. ಆ ಗೆ ಆನೆ, ಈ ಗೆ ಈಶ. ಆದರೆ ಈ ಎರಡರಿಂದ ಯಾವ ಪದವೂ ಶುರುವಾಗುವುದಿಲ್ಲ. ಅವುಗಳ ಚೌಕದಲ್ಲಿ ಅಕ್ಷರವೊಂದೇ, ಪಕ್ಕದ ಜಾಗ ಖಾಲಿ. ಸಣ್ಣ ಹುಡುಗಿಯರು ಬಂದು, "ಟೀಚರ್, ಇದಕ್ಕ ಯಾಕ ಏನೂ ಇಲ್ಲ?" ಎಂದು ಕೇಳುತ್ತಿದ್ದರು. ಈಗ ಸೂಜಿ ಹಿಡಿದು ಕೂತಾಗ ಹೊಳೆಯಿತು. ಇಲ್ಲಿ ಪದವೇ ಬೇಕಿಲ್ಲವಲ್ಲ! ಅಕ್ಷರದ ಪಕ್ಕ ಚಿತ್ರ ಇಡುತ್ತಿಲ್ಲ ನಾನು, ಅಕ್ಷರವೇ ಚಿತ್ರ. ಙ ಕ್ಕೆ ತೊಟ್ಟಿಲ ಮೇಲೆ ಬಗ್ಗಿದ ತಾಯಿಯನ್ನೂ ಅವಳ ಜಡೆ ಹಿಡಿದು ಎಳೆಯುವ ಕೂಸನ್ನೂ ಕೊಟ್ಟೆ. ಞ ಕ್ಕೆ ಇಬ್ಬರು ಪೈಲ್ವಾನರು, ಯಾರ ತೋಳು ಯಾರದೆಂದು ಗೊತ್ತಾಗದಷ್ಟು ಹೆಣೆದುಕೊಂಡವರು. ಒಬ್ಬನ ಮುಖದಲ್ಲಿ ನಗು ಇಟ್ಟೆ, ಬೇಕಾಗಿಯೇನೂ ಇರಲಿಲ್ಲ. ಇಡೀ ಮಾಲೆಯಲ್ಲಿ ಅವೆರಡೇ ಎಲ್ಲಕ್ಕಿಂತ ಚೆನ್ನಾಗಿ ಬಂದವು. ಆ ದಿನ ನಾನು ಮಸಿ ಕೈಯಲ್ಲೇ ಕುಣಿದಿದ್ದೇನೆ, ಸಾಕ್ಷಿಗೆ ನನ್ನ ಗಂಡ ಇದ್ದಾರೆ.

ಳ ಮುಗಿದಾಗ ವಸಂತ. ಮೇವ್ರವ್ವ ಲಸಿಕೆ ಹಾಕಿಸಿಕೊಂಡು ನಮ್ಮ ಮನೆಯೊಳಗೆ ಮೊದಲ ಬಾರಿಗೆ ಬಂದರು. ಗೋಡೆಯಿಂದ ಗೋಡೆಗೆ ತೂಗಿದ್ದ ಅಕ್ಷರಗಳ ಕೆಳಗೆ ಒಂದು ಸುತ್ತು ನಡೆದರು. ಫೋನ್ ತೆಗೆದು ನಮ್ಮ ಬಡಾವಣೆಯ ಲೈಬ್ರರಿಯವರಿಗೆ ಕರೆ ಮಾಡಿದರು. ಡಚ್ಚಿನಲ್ಲಿ ಬಿರುಸಾಗಿ ಮಾತಾಡಿದ್ದರಲ್ಲಿ ನನಗೆ ಅರ್ಥವಾದದ್ದು ಒಂದೇ, "ಇಲ್ಲ, ಮೂಲೆಯಲ್ಲಿ ಅಲ್ಲ. ಕಿಟಕಿಯಲ್ಲಿ."

ಜೂನ್ ತಿಂಗಳಲ್ಲಿ ಲೈಬ್ರರಿಯ ಬೀದಿ ಕಡೆಯ ಗಾಜಿನ ಉದ್ದಕ್ಕೂ ಇಡೀ ವರ್ಣಮಾಲೆ ನಿಂತಿತು. ಕನ್ನಡದವರ ವಾಟ್ಸ್ಯಾಪ್ ಗುಂಪಿಗೆ ಗಂಡ ಒಂದು ಫೋಟೋ ಹಾಕಿದ್ದರು. ಭಾನುವಾರ ನಾವು ಹೋಗುವಷ್ಟರಲ್ಲಿ ಕಾಲುದಾರಿಯ ಮೇಲೆ ಜನ. ನೂರ್ಡ್‌ವೈಕಿನಿಂದ ಒಂದು ಕುಟುಂಬ, ಬಾಡ್‌ಹೂವೆಡಾರ್ಪಿನಿಂದ ಇನ್ನೊಂದು, ಮೈಸೂರಿನವರು, ಬೆಳಗಾವಿಯವರು, ಎಲ್ಲರೂ ಅಂತರ ಬಿಟ್ಟು ನಿಂತು ತಮ್ಮ ತಮ್ಮ ಹೆಸರಿನ ಅಕ್ಷರ ಹುಡುಕುತ್ತಿದ್ದರು. ಸೈಕಲ್ ನಿಲ್ಲಿಸಿದ ಒಬ್ಬ ಡಚ್ ಗಂಡಸು, "ಇವರೆಲ್ಲ ಏನು ಮಾಡುತ್ತಿದ್ದಾರೆ?" ಎಂದು ಕೇಳಿದ. ಅವನಿಗೆ ಬರೀ ಜನ ಕಂಡಿದ್ದರು. "ಕಣ್ಣು ಸಣ್ಣ ಮಾಡಿ ನೋಡಿ," ಎಂದೆ. ನನ್ನ ಮುರುಕು ಡಚ್ಚಿನಲ್ಲೇ ಹೇಳಿದೆ. ಅವನು ನೋಡಿದ. ಬಾಯಿ ತೆರೆದ.

ಅಷ್ಟರಲ್ಲಿ ಯಾರೋ ಒಬ್ಬ ಹಿರಿಯರು ಕಿಟಕಿಯ ಎಡ ತುದಿಯಿಂದ ಗಟ್ಟಿಯಾಗಿ, ಒಂದನೇ ತರಗತಿಯ ರಾಗದಲ್ಲಿ ಶುರು ಮಾಡಿದರು, "ಅ, ಆ, ಇ, ಈ..." ಪಕ್ಕದವರು ಸೇರಿದರು. ಮಾಸ್ಕಿನೊಳಗಿನಿಂದ, ಮಾಸ್ಕು ಇಳಿಸಿ, ಮಕ್ಕಳನ್ನು ಹೆಗಲೇರಿಸಿ ಎಲ್ಲರೂ ಹೇಳತೊಡಗಿದರು. ಙ ಬಂದಾಗ ದನಿ ತಗ್ಗಲಿಲ್ಲ, ಇನ್ನೂ ಜೋರಾಯಿತು. ನನ್ನ ಗಂಡ ಎಲ್ಲರಿಗಿಂತ ಜೋರು. ಅಷ್ಟು ಜನ ಒಟ್ಟಿಗೆ ಬಾಯಿಬಿಟ್ಟು ಏನನ್ನಾದರೂ ಹೇಳಿ ಒಂದು ವರ್ಷದ ಮೇಲಾಗಿತ್ತು. ಳ ತಲುಪಿದಾಗ ಚಪ್ಪಾಳೆ ಬಿತ್ತು, ದಾರಿಯಲ್ಲಿ ನಿಂತಿದ್ದ ಸೈಕಲ್ಲಿನವರು ಗಂಟೆ ಬಾರಿಸಿದರು.

"ಯಾರ್ರೀ ಮಾಡಿದ್ದು ಇದನ್ನ?" ಎಂದು ಆ ಹಿರಿಯರು ಸುತ್ತ ನೋಡುತ್ತ ಕೇಳಿದರು.

ನಾನು ಕೈ ಎತ್ತಿದೆ. ಉಗುರಿನ ಸಂದಿಯಲ್ಲಿ ಮಸಿ ಇನ್ನೂ ಹೋಗಿರಲಿಲ್ಲ.

"ನಾನು ಮಾಡೇನ್ರಿ," ಎಂದೆ. "ಎಲ್ಲಾ ನಾನ ಮಾಡೇನಿ."